ಪ್ರಾರ್ಥನೆಗೆ ಸಮಯವೇ ಸಿಗುತ್ತಿಲ್ಲ, ನೀವೆಲ್ಲ ಹೇಗೆ ಹೊಂದಿಸುತ್ತೀರಿ?

ಹೊರಮಾವಿನ ಅಮ್ಮ:
ಊರು ಹಾಸನದ ಹತ್ತಿರ, ಈಗಿರುವುದು ಬೆಂಗಳೂರಿನ ಹೊರಮಾವು, ಆಫೀಸು ವೈಟ್‌ಫೀಲ್ಡ್. ಮಕ್ಕಳಿಗೆ 7 ಮತ್ತು 3 ವರ್ಷ. ಸ್ಕೂಲ್ ವ್ಯಾನ್ 7:10ಕ್ಕೆ, ನನ್ನ ಕ್ಯಾಬ್ 7:50ಕ್ಕೆ. ಸಂಜೆ ಮನೆ ಸೇರುವಾಗ ಏಳೂವರೆ. ಮನೆಯವರದ್ದು ಶಿಫ್ಟ್ ಕೆಲಸ. ಮದುವೆಗೆ ಮುಂಚೆ ದಿನಾ ಜಪಸರ (ಮಣಿ ಎಣಿಸುತ್ತ ಮರಿಯಮ್ಮನವರಿಗೆ ಹೇಳುವ ಪ್ರಾರ್ಥನೆ) ಹೇಳುತ್ತಿದ್ದವಳು ನಾನು. ಈಗ ಹಾಸಿಗೆಗೆ ಬಿದ್ದು ಶಿಲುಬೆ ಗುರುತು ಹಾಕುವಷ್ಟರಲ್ಲಿ ನಿದ್ದೆ. ಅಮ್ಮ ರಾತ್ರಿ ಫೋನ್ ಮಾಡಿ "ಜಪಸರ ಆಯ್ತಾ?" ಅಂತ ಕೇಳುತ್ತಾರೆ. "ಆಯ್ತಮ್ಮ" ಅನ್ನುತ್ತೇನೆ. ಸುಳ್ಳು. ಎಂಟು ತಿಂಗಳಿಂದ ಇದೇ ಸುಳ್ಳು. ಬೆಳಿಗ್ಗೆ ಒಳ್ಳೆಯದಾ, ರಾತ್ರಿನಾ? ಮೂರು ವರ್ಷದ ಮಗು ಇಟ್ಟುಕೊಂಡು ಯಾರಾದರೂ ಮಾಡಿದ್ದೀರಾ? ಅದನ್ನು ಹೇಳಿ.

ಕಂಕನಾಡಿಯ ನಿವೃತ್ತ:
ಸಮಯ ಸಿಗುವುದಿಲ್ಲ ಮಗಳೇ, ಹಿಡಿಯಬೇಕು. ನಮ್ಮ ಮನೆಯಲ್ಲಿ 31 ವರ್ಷದಿಂದ ರಾತ್ರಿ ತೇರ್ಸ್, ಅಂದರೆ ಕೊಂಕಣಿಯ ಜಪಸರ, ತಪ್ಪಿಲ್ಲ. ಮೊದಲು 7ಕ್ಕಿತ್ತು. ನಾನು ಬ್ಯಾಂಕಿನಿಂದ ಬರುವುದು ತಡವಾಗಿ 8 ಆಯಿತು. ಟಿವಿ ಬಂದ್. ಮೊಬೈಲ್‌ಗಳೆಲ್ಲ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಮುಗಿದ ಮೇಲೆ ಚಿಕ್ಕವರು ದೊಡ್ಡವರ ಹತ್ತಿರ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು, ಆಮೇಲೆ ಊಟ. ವಾಚ್ ಇಟ್ಟು ನೋಡಿದ್ದೇನೆ. ಕೊಂಕಣಿಯಲ್ಲಿ 17 ನಿಮಿಷ, ಕೊನೆಯ ಬಿನ್ನಹಗಳ ಸಾಲು, ಲಿಟನಿ, ಸೇರಿದರೆ 21.

ಸುಲಭವಾಗಿರಲಿಲ್ಲ. 2011ರ ಏಪ್ರಿಲ್ 2, ವಿಶ್ವಕಪ್ ಫೈನಲ್. ಶನಿವಾರ, ಈಸ್ಟರ್ ಮುಂಚಿನ ತಪಸ್ಸುಕಾಲ ಬೇರೆ. ನೆಂಟರು ಬಂದಿದ್ದರಿಂದ ತೇರ್ಸ್ ತಳ್ಳಿ ತಳ್ಳಿ ಹತ್ತೂವರೆ ದಾಟಿತ್ತು. ಹುಡುಗರು "ಹತ್ತೇ ನಿಮಿಷ ಪಪ್ಪಾ" ಅಂದರು. ಆಗಲ್ಲ ಅಂದೆ, ಟಿವಿ ಆರಿಸಿದೆ. ಐದು ರಹಸ್ಯಗಳಲ್ಲಿ (ಹತ್ತು ಮಣಿಯ ಸುತ್ತುಗಳಲ್ಲಿ) ನಾಲ್ಕನೆಯದಕ್ಕೆ ಬರುವಾಗ ಪಕ್ಕದ ಮನೆಯವರು ಪಟಾಕಿ ಹೊಡೆದರು. ಧೋನಿ ಸಿಕ್ಸರ್ ಎತ್ತಿ ಮುಗಿಸಿಯಾಗಿತ್ತು. ದೊಡ್ಡ ಮಗ ಮಣಿ ಹಿಡಿದುಕೊಂಡೇ ಅಳುತ್ತಿದ್ದ. ಈಗ ದುಬೈಯಲ್ಲಿದ್ದಾನೆ. ಪ್ರತಿ ಏಪ್ರಿಲ್ 2ಕ್ಕೆ ಆ ಸಿಕ್ಸರಿನ ವಿಡಿಯೋ ಕಳಿಸುತ್ತಾನೆ. ಬೇರೇನೂ ಬರೆಯುವುದಿಲ್ಲ. ಇರಲಿ. ತೇರ್ಸ್ ತಪ್ಪಲಿಲ್ಲ.

ಐಸಿಯು ಸಿಸ್ಟರ್:
ನಾನು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್) ಸಭೆಯವಳು, ಜಪಸರದ ವಿಷಯ ನನಗೆ ಗೊತ್ತಿಲ್ಲ. ಆದರೆ ಬೆಳಿಗ್ಗೆಯ ಪ್ರಾರ್ಥನೆಯ ಹುಚ್ಚು ಹಿಡಿಸಿಕೊಂಡು ಏನಾಯಿತು ಅಂತ ಹೇಳುತ್ತೇನೆ. ನಮ್ಮ ಸಭೆಯ ಅಯ್ಯನವರ (ಪಾದ್ರಿಗಳ) ಪ್ರಸಂಗ ಕೇಳಿ 4:30ಕ್ಕೆ ಏಳಲು ಶುರು ಮಾಡಿದೆ. ಮೊಬೈಲ್ ಮುಟ್ಟಬಾರದು ಅಂತ 420 ರೂಪಾಯಿ ಕೊಟ್ಟು ಅಲಾರಂ ಗಡಿಯಾರ ತಂದೆ. ಅದರ ಸದ್ದಿಗೆ ಅತ್ತೆ ಎದ್ದು ಕೂತು "ಯಾರು ಹೋದ್ರು?" ಅಂತ ಕೇಳಿದರು. ಟೈಲ್ಸ್ ನೆಲದ ಮೇಲೆ ಬರೀ ಮೊಣಕಾಲೂರಿದೆ. ಹಾಗೇ ಮಂಚಕ್ಕೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ. ಎರಡು ತಿಂಗಳಿಗೆ ಮೊಣಕಾಲು ಊದಿತು. ಎಕ್ಸ್‌ರೇ 600, ಫಿಸಿಯೋಥೆರಪಿ 10 ಸಲ, ಸಲಕ್ಕೆ 350. ನೀ ಕ್ಯಾಪ್ 780. ಗಡಿಯಾರ ಬಿಟ್ಟು 4,880 ರೂಪಾಯಿ. ಅಷ್ಟಾಗಿ ಆ ಎರಡು ತಿಂಗಳಲ್ಲಿ ಪೂರ್ತಿ ಎಚ್ಚರವಿದ್ದು ಪ್ರಾರ್ಥನೆ ಮಾಡಿದ್ದು ಬಹುಶಃ ಐದು ದಿನ.

ಈಗ ನನ್ನ ದಾರಿ ಬೇರೆ. ವಾರ್ಡಿನ ಸಿಂಕಿನ ಮೇಲೆ ಕೈ ತೊಳೆಯುವ ಚಾರ್ಟ್ ಇರುತ್ತದಲ್ಲ, ಸೋಪು ಹಚ್ಚಿ 40ರಿಂದ 60 ಸೆಕೆಂಡು ಅಂತ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಅವಸರವಿಲ್ಲದೆ ಹೇಳಿದರೆ ಅಷ್ಟೇ ಹೊತ್ತು. ಅಂಗೈ ಉಜ್ಜುವಾಗ "ನಿನ್ನ ನಾಮ", ಬೆರಳ ಸಂದಿಗೆ ಬರುವಾಗ "ಅನುದಿನದ ಆಹಾರ", ಹೆಬ್ಬೆರಳಿಗೆ ಬಂದಾಗ ತಪ್ಪು ಕ್ಷಮಿಸುವ ಮಾತು. ಆಮೇಲೆ ಯಾರನ್ನು ಮುಟ್ಟಲು ಹೋಗುತ್ತಿದ್ದೇನೋ ಆ ಬೆಡ್ಡಿನವರ ಹೆಸರು. ಒಂದು ಡ್ಯೂಟಿಯಲ್ಲಿ ಮೂವತ್ತು ಸಲವಾದರೂ ಆಗುತ್ತದೆ. ನಮ್ಮ ಸಭೆಯಲ್ಲಿ ಇದನ್ನು ಹೇಳಿದಾಗ ಇಬ್ಬರು ನಕ್ಕರು. ನಗಲಿ.

ನಸುಕಿನ ಸೈನಿಕ:
ಕರ್ತನಿಗೆ ಸ್ತೋತ್ರ. ಸಿಸ್ಟರ್, ಕೈ ತೊಳೆದುಕೊಳ್ಳುವುದು ಯೇಸುಸ್ವಾಮಿಯನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನ ಕೆಲಸ, ಪ್ರಾರ್ಥನೆ ಅಲ್ಲ. ಬೈಬಲಿನಲ್ಲಿ ಮಾರ್ಕ 1:35 ಓದಿ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋದರು. ಸಿಂಕಿನ ಹತ್ತಿರ ಹೋಗಲಿಲ್ಲ.

ನಾನು ಹುಬ್ಬಳ್ಳಿಯವನು, ಕೊರಿಯರ್ ಡೆಲಿವರಿ ಕೆಲಸ. 2020ರ ಲಾಕ್‌ಡೌನಿನಲ್ಲಿ ನಮ್ಮ ಪಾಸ್ಟರ್ 4 ಗಂಟೆಯ ಕಾನ್ಫರೆನ್ಸ್ ಕಾಲ್ ಪ್ರಾರ್ಥನೆ ಶುರು ಮಾಡಿದರು. ಇವತ್ತಿನವರೆಗೆ ನಾನು ತಪ್ಪಿಸಿದ್ದು 9 ದಿನ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಶುರುವಿನಲ್ಲಿ 60 ಜನ. ಈಗ 11. ಅದರಲ್ಲೂ ಇಬ್ಬರು ಲೈನಿಗೆ ಬಂದು ಮಲಗಿಬಿಡುತ್ತಾರೆ, ಗೊರಕೆ ಎಲ್ಲರಿಗೂ ಕೇಳುತ್ತದೆ. ಒಬ್ಬ ಆಂಟಿ ಮ್ಯೂಟ್ ಮಾಡದೆ ರೊಟ್ಟಿ ಬಡಿಯುತ್ತಾರೆ. ಪಾಸ್ಟರ್ ಮಧ್ಯಸ್ಥಿಕೆ ಪ್ರಾರ್ಥನೆಯ ನಡುವೆ "ಯಾರದು ರೊಟ್ಟಿ?" ಅಂತ ಕೇಳಬೇಕಾಯಿತು.

ಪರೀಕ್ಷೆಯೂ ಬಂತು. ಹೋದ ವರ್ಷ ಮಧ್ಯಾಹ್ನ 3ಕ್ಕೆ ಗಾಡಿ ಮೇಲೆ ಕಣ್ಣು ಮುಚ್ಚಿತು, ಡಿವೈಡರಿಗೆ ಹೊಡೆದೆ. ಫೋರ್ಕ್ 4,600, ಹೆಡ್‌ಲೈಟ್ 1,150, ಒಡೆದ ಪಾರ್ಸಲ್ಲಿನ ಮಿಕ್ಸಿ 3,299 ನನ್ನ ಸಂಬಳದಲ್ಲಿ ಮುರಿದುಕೊಂಡರು. ಮೊಣಕಾಲಿಗೆ ಏಳು ಹೊಲಿಗೆ. ಮಾರನೇ ದಿನ 4ಕ್ಕೆ ಹಾಸಿಗೆಯಲ್ಲೇ ಲೈನಿಗೆ ಬಂದೆ. ಮನಸ್ಸು ಬೇಕು ಸಹೋದರಿ, ಸಮಯ ಅಲ್ಲ.

ಐಸಿಯು ಸಿಸ್ಟರ್:
ಬ್ರದರ್, ನಿಮ್ಮಂಥವರಿಗೆ ಹೊಲಿಗೆ ಹಾಕುವ ಮುಂಚೆ ನಾವು ಕೈ ತೊಳೆಯುತ್ತೇವೆ. ಆಗ ಹೇಳುವ ಪ್ರಾರ್ಥನೆ ನಿಮಗೇ ಸೇರಿದ್ದು. ನಿದ್ದೆಗೆಟ್ಟು ಗಾಡಿ ಓಡಿಸಿದ್ದನ್ನು ಪರೀಕ್ಷೆ ಅನ್ನಬೇಡಿ. ಎದುರಿಗೆ ಡಿವೈಡರ್ ಬದಲು ಒಂದು ಮಗು ಇದ್ದಿದ್ದರೆ?

ನಸುಕಿನ ಸೈನಿಕ:
ಇರಲಿಲ್ಲವಲ್ಲ. ಅದೇ ಕೃಪೆ.

ಲೆಕ್ಕದವನು:
ಇಬ್ಬರೂ ಸ್ವಲ್ಪ ಸುಮ್ನಿರಿ. ನನ್ನ ಕಥೆ ಕೇಳಿ, ದುಡ್ಡು ಉಳಿಯುತ್ತದೆ. ನಾನು ಆಡಿಟ್ ಆಫೀಸಿನಲ್ಲಿದ್ದೇನೆ. ಪ್ರಾರ್ಥನೆ ನಿಂತುಹೋಗಿತ್ತು. ಹೆಂಡತಿ ಒತ್ತಾಯಕ್ಕೆ ಐದು ದಿನದ ರಿಟ್ರೀಟಿಗೆ (ಧ್ಯಾನಕೂಟಕ್ಕೆ) ಹೋದೆ, ಪಕ್ಕದ ರಾಜ್ಯದಲ್ಲಿ. ಇಬ್ಬರಿಗೆ ರೈಲು, ಸ್ಲೀಪರ್, ಹೋಗಿ ಬರಲು 1,640. ಆಟೋ 300, ವಾಪಸ್ ಬರುವಾಗ ಅದೇ ದಾರಿಗೆ 450. ರೂಮು 2,500. ಕ್ಯಾಂಟೀನು 1,900. ಎಣ್ಣೆ, ಪುಸ್ತಕ, ಪ್ರತಿಮೆ, ಮೂರು ಜಪಸರ, ಇವಳು ತೆಗೆದುಕೊಂಡಿದ್ದು 1,270. ರಜೆ ಇರಲಿಲ್ಲ, ಐದು ದಿನದ ಸಂಬಳ ಕಟ್. ಅದನ್ನು ಬರೆಯುವುದಿಲ್ಲ, ಬರೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಲ್ಲಿ ಅತ್ತುಬಿಟ್ಟೆ, ಸುಳ್ಳಲ್ಲ. ಜೋರಾಗಿ ಅತ್ತೆ. ಬಂದ ಮೇಲೆ ದಿನಾ ಬೆಳಿಗ್ಗೆ ಒಂದು ಗಂಟೆ. ಹನ್ನೊಂದು ದಿನ. ಹನ್ನೆರಡನೇ ದಿನ ಜಿಎಸ್‌ಟಿ ರಿಟರ್ನ್ ಕಡೇ ದಿನ, ಪೋರ್ಟಲ್ ಸುತ್ತುತ್ತಲೇ ಇತ್ತು, ರಾತ್ರಿ 2ಕ್ಕೆ ಮಲಗಿದೆ. ಅಲ್ಲಿಗೆ ಮುಗಿಯಿತು. ಪ್ರತಿಮೆ ಮಾತ್ರ ಫ್ರಿಜ್ ಮೇಲಿದೆ. ಒಂದು ಗಂಟೆ ಅಂತ ಹಾರಬೇಡಿ. ನಾನೀಗ ಲೆಡ್ಜರ್ ತೆಗೆಯುವ ಮುಂಚೆ ಬೈಬಲಿನ ಒಂದೇ ಒಂದು ಕೀರ್ತನೆ ಓದುತ್ತೇನೆ. 117ನೆಯದು ಎರಡೇ ವಚನ. ತಿಂಗಳ ಕೊನೆಯಲ್ಲಿ ಅದೇ.

ಕನಕಪುರದ ಕಡೆಯವನು:
ಕಂಕನಾಡಿ ಸರ್, "ಕೊಂಕಣಿಯಲ್ಲಿ 17 ನಿಮಿಷ" ಅಂದರೆ ಏನರ್ಥ? ಕನ್ನಡದಲ್ಲಿ ಹೇಳುವವರು ಎಳೆಯುತ್ತಾರೆ ಅಂತಲಾ?

ಕಂಕನಾಡಿಯ ನಿವೃತ್ತ:
ಹಾಗಲ್ಲ ಮಾರಾಯರೇ. ಕನ್ನಡದಲ್ಲಿ ಶಬ್ದಗಳು ಉದ್ದ, ಅಷ್ಟೇ.

ಕನಕಪುರದ ಕಡೆಯವನು:
ಅಷ್ಟೇ ಅಲ್ಲ. ನಮಗೆ ಸಮಯ ಇಲ್ಲದ್ದಕ್ಕೆ ಕಾರಣ ಇಲ್ಲೇ ಇದೆ. ನಾನು ಬೆಂಗಳೂರಿಗೆ ಬಂದು 14 ವರ್ಷ. ನಮ್ಮ ಚರ್ಚಿನಲ್ಲಿ ಭಾನುವಾರ ಕನ್ನಡ ಬಲಿಪೂಜೆ (ಮಾಸ್) ಬೆಳಿಗ್ಗೆ 6ಕ್ಕೆ. 7ಕ್ಕೆ ಒಂದು ಭಾಷೆ, 8:30ಕ್ಕೆ ಇಂಗ್ಲಿಷು, 11ಕ್ಕೆ ಮತ್ತೊಂದು ಭಾಷೆ. ನಾನು ಶನಿವಾರ ನೈಟ್ ಶಿಫ್ಟ್ ಮುಗಿಸಿ ಬರುವುದು 6:40ಕ್ಕೆ. ಚರ್ಚಿನ ಸ್ವಾಮಿಗಳಿಗೆ (ಫಾದರ್‌ಗೆ) ಅರ್ಜಿ ಕೊಟ್ಟೆವು, 43 ಸಹಿ. ಜೆರಾಕ್ಸು, ಓಡಾಟದ ಆಟೋ, ಎಲ್ಲ ನನ್ನ ಕೈಯಿಂದ. ಮೂರು ಸಲ ಮೀಟಿಂಗು. ಕಡೆಗೆ 6ರ ಪೂಜೆಯನ್ನು 5:45ಕ್ಕೆ ಮಾಡಿದರು! ನಾವು ಕೇಳಿದ್ದು ತಡ ಮಾಡಿ ಅಂತ.

ನಮ್ಮಜ್ಜಿ ಎಳವೆಯಲ್ಲಿ ಲ್ಯಾಟಿನ್ ಪೂಜೆ ಕೇಳಿದವರು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಪೂಜೆಯುದ್ದಕ್ಕೂ ಜಪಸರ ಎಣಿಸುತ್ತ ಕೂರುತ್ತಿದ್ದರಂತೆ. 1962ರಿಂದ 65ರವರೆಗೆ ವ್ಯಾಟಿಕನ್ ಮಹಾಸಭೆ ನಡೆದ ಮೇಲೆ ಕನ್ನಡ ಬಂತು. ಮೊದಲ ಸಲ ಕೇಳಿ "ಓ, ಇಷ್ಟು ದಿನ ಇದನ್ನಾ ಹೇಳ್ತಿದ್ರು?" ಅಂದರಂತೆ. ಅಂಥ ಭಾಷೆಗೆ ಈಗ ಮುಕ್ಕಾಲು ನಿದ್ದೆಯ ಹೊತ್ತು.

ಕಂಕನಾಡಿಯ ನಿವೃತ್ತ:
ನಿಮ್ಮ ಚರ್ಚಿನ ಸಿಟ್ಟು ನನ್ನ ತೇರ್ಸ್ ಮೇಲೆ ಯಾಕೆ? ನಾನು ಜಪಸರದ 53 ನಮೋ ಮರಿಯ ಪ್ರಾರ್ಥನೆಗಳನ್ನೂ ನುಂಗದೆ ಹೇಳುತ್ತೇನೆ. ಬೇಕಿದ್ದರೆ ಮನೆಗೆ ಬನ್ನಿ, ವಾಚ್ ತನ್ನಿ.

ಬೀದರ್ ಮೇಷ್ಟ್ರು:
ನಾವು ಮೆಥೊಡಿಸ್ಟರು. ತಂಗಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಪಂಥ ಶುರು ಮಾಡಿದ ಜಾನ್ ವೆಸ್ಲಿಯವರ ತಾಯಿ ಸುಸಾನಾ ಹತ್ತೊಂಬತ್ತು ಹೆತ್ತವರು. ಪ್ರಾರ್ಥನೆಗೆ ಕೋಣೆ ಎಲ್ಲಿಂದ ಬರಬೇಕು? ಏಪ್ರನ್ನನ್ನೇ ತಲೆ ಮೇಲೆ ಎಳೆದುಕೊಂಡು ಕೂರುತ್ತಿದ್ದರು, ಆಗ ಮಕ್ಕಳು ಹತ್ತಿರ ಬರಬಾರದು, ಅಂತ ನಮ್ಮಲ್ಲಿ ತಲೆತಲಾಂತರದಿಂದ ಹೇಳುತ್ತಾರೆ. ಮನೆ ಬದಲಿಸುವ ಅಗತ್ಯವಿಲ್ಲ, ಸೆರಗು ಸಾಕು. ನಾನು 34 ವರ್ಷ ಸರ್ಕಾರಿ ಶಾಲೆಗೆ ಸೈಕಲ್ ಹೊಡೆದವನು, ದಿನಕ್ಕೆ 18 ಕಿಲೋಮೀಟರ್. ಆ ಸೈಕಲ್ಲೇ ನನ್ನ ಸೆರಗು. ಆದರೆ ಸೊಂಟ ಹೋಯಿತು, ಅದು ಬೇರೆ ಕಥೆ. ಬೆನ್ನುಮೂಳೆಯ ಕೆಳಗಿನ ಎಲ್ 4, ಎಲ್ 5. ಆಪರೇಷನ್ ಬೇಡ ಅಂದೆ, ಎಣ್ಣೆ ಹಚ್ಚಿಸಿಕೊಂಡೆ, 21 ದಿನಕ್ಕೆ 14,000.

ಹೊರಮಾವಿನ ಅಮ್ಮ:
ಮೇಷ್ಟ್ರೇ, ನಿಮ್ಮ ಮಾತು ಕೇಳಿ ನಿನ್ನೆ ವೇಲ್ ತಲೆ ಮೇಲೆ ಹೊದ್ದು ಕೂತೆ. ಚಿಕ್ಕವನು ಕಣ್ಣಾಮುಚ್ಚಾಲೆ ಅಂದುಕೊಂಡು ಒಳಗೇ ನುಗ್ಗಿದ. ಹೊರಗೆ ಬರುವುದಿಲ್ಲ ಅಂತ ಹಟ. ವೇಲಿಗೆ ಮೊಸರನ್ನ.

ಕ್ಯಾಬಿನಲ್ಲೂ ನೋಡಿದೆ. ಮಣಿ ಹೊರಗೆ ತೆಗೆಯಲು ಒಂಥರಾ ಅನ್ನಿಸಿ ಬೆರಳಲ್ಲೇ ಎಣಿಸಿದೆ. ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಮೂರು ರಹಸ್ಯ ಆರಾಮಾಗಿ ಆಯಿತು. ನಾಲ್ಕನೆಯದರ ಆರಕ್ಕೋ ಏಳಕ್ಕೋ ಬಂದಿದ್ದೆ, ಪಕ್ಕದಲ್ಲಿದ್ದವಳು "ಆ ಶೀಟ್ ಕಳಿಸಿದ್ಯಾ?" ಅಂದಳು. ಲೆಕ್ಕ ಹೋಯಿತು. ಮತ್ತೆ ಒಂದರಿಂದ ಶುರು ಮಾಡಬೇಕಾ, ಇಲ್ಲಾ ಅಂದಾಜಿನಲ್ಲಿ ಮುಂದುವರಿಸಬಹುದಾ?

ಲೆಕ್ಕದವನು:
ಅಂದಾಜು ನಡೆಯುತ್ತದೆ. ಆಡಿಟ್ ಇಲ್ಲ.

ಕಂಕನಾಡಿಯ ನಿವೃತ್ತ:
ಮೊದಲಿಂದ. ನಮ್ಮ ಮನೆಯಲ್ಲಾದರೆ ಮೊದಲಿಂದ.

ನಸುಕಿನ ಸೈನಿಕ:
ಲೆಕ್ಕ ಹಾಕಿ ಹೇಳಬೇಕು ಅಂತ ದೇವರ ವಾಕ್ಯದಲ್ಲಿ ಎಲ್ಲಿದೆ? ಮತ್ತಾಯ 6:7 ನೋಡಿ, ಹೇಳಿದ್ದನ್ನೇ ಹೇಳುವುದರ ಬಗ್ಗೆ.

ಕನಕಪುರದ ಕಡೆಯವನು:
ತಪ್ಪಿಸಿದ 9 ದಿನ ಡೈರಿಯಲ್ಲಿ ಬರೆದಿಟ್ಟವರು ಲೆಕ್ಕದ ಬಗ್ಗೆ ಮಾತಾಡಬಾರದು.

ಹೊರಮಾವಿನ ಅಮ್ಮ:
ಜಗಳ ಬಿಡಿ, ಒಂದು ವಿಷಯ ಹೇಳಬೇಕು. ಇವತ್ತು ಅಮ್ಮ "ಆಯ್ತಾ?" ಅಂದಾಗ "ಇಲ್ಲಮ್ಮ" ಅಂದುಬಿಟ್ಟೆ. ಎಂಟು ತಿಂಗಳಿಂದ ಆಗಿಲ್ಲ ಅಂತಲೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೊತ್ತಿತ್ತು ಬಿಡು. ಪ್ರಶ್ನೆ ಮುಗಿಯೋ ಮುಂಚೆನೇ ಆಯ್ತಮ್ಮ ಅಂತಿದ್ದೆ" ಅಂದರು. ಫೋನು ಸ್ಪೀಕರಿಗೆ ಹಾಕು ಅಂದರು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಅವರು ಅಲ್ಲಿಂದ ಶುರು ಮಾಡಿದರು. ಎರಡು ರಹಸ್ಯ. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು, ಒಂದು ಚಪಾತಿ ಸುಟ್ಟಿತು. ದೊಡ್ಡವಳು ಎದ್ದು ಬಂದು ನಿಂತಿದ್ದಳು, ಅವಳಿಗೆ ಅರ್ಧ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕಂಕನಾಡಿಯ ನಿವೃತ್ತ:
ಎರಡು ರಹಸ್ಯಕ್ಕೆ ಎಷ್ಟು ನಿಮಿಷ ಹಿಡಿಯಿತು?

ಕನಕಪುರದ ಕಡೆಯವನು:
ಮತ್ತೆ ಶುರುವಾಯಿತು.

ನಸುಕಿನ ಸೈನಿಕ:
ಸಿಸ್ಟರ್, ಒಂದು ಮಾತು. ಹೊಲಿಗೆ ಬಿಚ್ಚಿ ವರ್ಷವಾಯಿತು, ಈಗಲೂ ಮೊಣಕಾಲೂರಿದರೆ ಒಳಗೆ ಚುಚ್ಚುತ್ತದೆ. ಫೋಟೋ ಹಾಕಲಾ?

ಐಸಿಯು ಸಿಸ್ಟರ್:
ಇಲ್ಲಿ ಹಾಕಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ನಾಳೆನೇ. ಅಲ್ಲಿಯವರೆಗೆ ಕುರ್ಚಿ ಮೇಲೆ ಕೂತು ಮಾಡಿ. 4ಕ್ಕೇ ಬೇಕಿದ್ದರೆ 4ಕ್ಕೇ.