ಗಣಿ ತ್ಯಾಜ್ಯದ ಪುಡಿ ಹಾಕಿದರೂ ನೀಲಿ ಬಣ್ಣ ಇಳಿಯುತ್ತಿಲ್ಲ, ಎಲ್ಲಿ ತಪ್ಪಿದೆ?

ಬಿಸಿಲೂರ ಹುಡುಗ:
ಕಲಬುರಗಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಸಂಡೂರು ಕಡೆಯಿಂದ ತಂದ ಕಬ್ಬಿಣದ ಗಣಿ ತ್ಯಾಜ್ಯವನ್ನು ಪುಡಿ ಮಾಡಿಸಿ, ಫೆಂಟನ್ ಕ್ರಿಯೆಗೆ (ಕಬ್ಬಿಣ, ಪೆರಾಕ್ಸೈಡ್ ಸೇರಿಸಿ ನೀರಿನ ಬಣ್ಣ ಒಡೆಯುವುದು) ವೇಗವರ್ಧಕವಾಗಿ ಬಳಸುವ ಪ್ರಾಜೆಕ್ಟ್. ಕಾರ್ಖಾನೆಯ ಬಣ್ಣದ ನೀರಿನ ಬದಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ, ಲೀಟರಿಗೆ 10 ಮಿಲಿಗ್ರಾಂ. ಆಮ್ಲ ಹಾಕಿ ಪಿಎಚ್ 3ಕ್ಕೆ ಇಳಿಸಿ, ಪುಡಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುತ್ತದೆ, ಅಷ್ಟೇ. ಎರಡು ತಾಸಾದರೂ ನೀಲಿ ಹಾಗೇ. ಪೆರಾಕ್ಸೈಡ್ ದುಪ್ಪಟ್ಟು ಹಾಕಿ ನೋಡಿದೆ, ಏನೂ ಆಗಲಿಲ್ಲ. ಮುಂದಿನ ವಾರ ಗೈಡ್‌ಗೆ ತೋರಿಸಬೇಕು.

ತೊಗರಿ ಹೊಲ:
ಪೆರಾಕ್ಸೈಡ್ ಹಳೆಯದಿರಬೇಕು ತಮ್ಮಾ. ನಮ್ಮ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟರೆ ಬಾಟಲಿಯಲ್ಲಿ ಬರೀ ನೀರು ಉಳಿಯುತ್ತದೆ.

ಬಿಸಿಲೂರ ಹುಡುಗ:
ಹೊಸದು ಅಣ್ಣಾ, ಫ್ರಿಜ್‌ನಲ್ಲೇ ಇದೆ.

ಹಳೇ ಲ್ಯಾಬಿನವ:
ನೊರೆ ಯಾವಾಗ ಬಂತು? ಪೆರಾಕ್ಸೈಡ್ ಹಾಕುವ ಮುಂಚೆಯೇ ಬಂತಾ? ಅರ್ಧ ತಾಸಿನ ನಂತರ ಪಿಎಚ್ ನೋಡಿದ್ದೀರಾ? ಪುಡಿ ಎಲ್ಲಿ ಮಾಡಿಸಿದಿರಿ?

ಬಿಸಿಲೂರ ಹುಡುಗ:
ಪುಡಿ ಬಿದ್ದ ಕೂಡಲೇ ಬುಸ್ ಅಂದಿತ್ತು ಸರ್. ಈಗ ನೋಡಿದರೆ ಪಿಎಚ್ 7! ಪುಡಿ ಮಾಡಿಸಿದ್ದು ಶಹಾಬಾದ್‌ನಲ್ಲಿ, ಪರಿಚಯದವರ ಕಲ್ಲಿನ ಗಿರಣಿಯಲ್ಲಿ.

ಹಳೇ ಲ್ಯಾಬಿನವ:
ಸಿಕ್ಕಿತು ಬಿಡಿ. ಅಲ್ಲಿ ಅರೆಯುವುದು ಫರ್ಸಿ ಕಲ್ಲು, ಅಂದರೆ ಸುಣ್ಣಕಲ್ಲು. ಗಿರಣಿಯಲ್ಲಿ ಉಳಿದಿದ್ದು ನಿಮ್ಮ ಪುಡಿಗೆ ಸೇರಿದೆ. ಆಮ್ಲವನ್ನೆಲ್ಲ ಅದೇ ಕುಡಿದಿದೆ, ಬುಸ್ ಅಂದಿದ್ದೂ ಅದೇ. ಕಬ್ಬಿಣ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡಬೇಕು, ಬಣ್ಣ ಮುರಿಯುವುದು ಅದು. ಪಿಎಚ್ 3ರ ಆಸುಪಾಸಿನಲ್ಲಿ ಈ ಕೆಲಸ ಚೆನ್ನಾಗಿ ನಡೆಯುತ್ತದೆ. 7ಕ್ಕೆ ಏರಿದರೆ ಪೆರಾಕ್ಸೈಡ್ ಸುಮ್ನೆ ನೀರು, ಆಮ್ಲಜನಕವಾಗಿ ಹೋಗುತ್ತದೆ. ಸುಣ್ಣಕಲ್ಲಿನಿಂದ ಕರಗಿದ ಬೈಕಾರ್ಬನೇಟ್ ಇದ್ದಬದ್ದ ರ‍್ಯಾಡಿಕಲ್‌ಗಳನ್ನೂ ನುಂಗುತ್ತದೆ. ಬೋರ್‌ವೆಲ್ ನೀರಲ್ಲೂ ಬೈಕಾರ್ಬನೇಟ್ ಇರುತ್ತದೆ, ಅದಕ್ಕೇ ಅದು ಬೇಡ, ಡಿಸ್ಟಿಲ್ಡ್ ನೀರೇ ಇರಲಿ. ಪೆರಾಕ್ಸೈಡ್ ಜಾಸ್ತಿಯಾದರೆ ಅದೂ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ.

ಪುಡಿಯನ್ನು ತೆಳು ಆಮ್ಲದಲ್ಲಿ ನೊರೆ ನಿಲ್ಲುವ ತನಕ ತೊಳೆದು, ಆಮೇಲೆ ನೀರಲ್ಲಿ ನಾಲ್ಕೈದು ಸಲ ಜಾಲಿಸಿ ಒಣಗಿಸಿ. ಪೆರಾಕ್ಸೈಡ್ ಇಲ್ಲದೆ ಪುಡಿ ಮಾತ್ರ ಹಾಕಿದ ಬೀಕರ್ ಒಂದನ್ನು ಪಕ್ಕದಲ್ಲಿಡಿ. ಅದರಲ್ಲೂ ಬಣ್ಣ ಇಳಿದರೆ ಬಣ್ಣ ಒಡೆದಿಲ್ಲ, ಪುಡಿಗೆ ಅಂಟಿಕೊಂಡಿದೆ ಅಂತ ಅರ್ಥ. ಗೈಡ್ ಮೊದಲು ಕೇಳುವುದೇ ಇದನ್ನು. ಸಂಡೂರಿನದು ಹೆಚ್ಚಾಗಿ ಹೆಮಟೈಟ್ ಅದಿರು, ಮ್ಯಾಗ್ನಟೈಟ್ ಅದಿರಿನಷ್ಟು ಚುರುಕಲ್ಲ. ತಾಳ್ಮೆ ಬೇಕು.

ಬಿಸಿಲೂರ ಹುಡುಗ:
ಆಯ್ತು ಸರ್! ಮೂರು ತಾಸಿಗೆ ನೀಲಿ ಬಹಳಷ್ಟು ಹೋಯಿತು. ಪಕ್ಕದ ಬೀಕರ್ ನೀಲಿಯಾಗೇ ಇದೆ. ಆದರೆ ಸೋಸಿದ ನೀರು ಸ್ವಲ್ಪ ಹಳದಿ ಕಾಣುತ್ತಿದೆ.

ಹಳೇ ಲ್ಯಾಬಿನವ:
ಕರಗಿದ ಕಬ್ಬಿಣ ಅದು. ಪಿಎಚ್ ಏರಿಸಿದರೆ ತುಕ್ಕಿನ ಬಣ್ಣದ ಗಸಿಯಾಗಿ ಕೆಳಗೆ ಕೂರುತ್ತದೆ. ಆ ಫರ್ಸಿ ಪುಡಿ ಇನ್ನೂ ಇದ್ದರೆ ಒಂದು ಚಮಚ ಹಾಕಿ ಕಲಕಿ ನೋಡಿ.