ಮಗನಿಗೆ ಅಮ್ಮ ಎದ್ದಿದೆ, ಮನೆಯಲ್ಲಿ ಕೂಸೂ ಇದೆ, ಬಸುರಿಯೂ ಇದ್ದಾರೆ: ತಿಳಿದವರು ಹೇಳಿ

ಕೇಳಿದವರು: ತುಮಕೂರು, ಶಿರಾ ಗೇಟ್
ಐದು ವರ್ಷದ ಮಗನಿಗೆ ನಿನ್ನೆಯಿಂದ ಮೈಮೇಲೆ ಗುಳ್ಳೆ. ಡಾಕ್ಟರು ನೋಡಿ ಚಿಕನ್‌ಪಾಕ್ಸ್ ಅಂದರು. ತೂಕ 16 ಕೆ.ಜಿ., ಇದಕ್ಕೆ ಲಸಿಕೆ ಹಾಕಿಸಿಲ್ಲ. ಮನೆಯಲ್ಲಿ ಒಂಬತ್ತು ತಿಂಗಳ ಮಗಳು, ಐದು ತಿಂಗಳ ಬಸುರಿ ಓರಗಿತ್ತಿ, ಅತ್ತೆ, ಮಾವ. ಎರಡು ರೂಮು, ಒಂದೇ ಬಚ್ಚಲು. ಸ್ನಾನ ಬೇಡ, ಔಷಧಿ ಬೇಡ, ಒಗ್ಗರಣೆ ಬೇಡ ಅಂತಾರೆ ಅತ್ತೆ. ಇವನು ರಾತ್ರಿಯೆಲ್ಲ ಕೆರೆದುಕೊಳ್ತಾನೆ. ಏನು ಮಾಡಲಿ?

ಸ್ಟಾಫ್ ನರ್ಸ್, ಕೋಲಾರ
ಮೊದಲು ನಿಮ್ಮ ಓರಗಿತ್ತಿ ವಿಷಯ, ಮಗನದು ಆಮೇಲೆ. ಅವರಿಗೆ ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ ಅಂತ ಅವರ ತಾಯಿಗೆ ಫೋನ್ ಮಾಡಿ ಕೇಳಿ. ಖಚಿತವಾಗಿ ಆಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಆಗಿಲ್ಲ ಅಥವಾ ನೆನಪಿಲ್ಲ ಅಂದರೆ ಇವತ್ತೇ ಅವರ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿಸಿ. ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ಇದೆಯಾ ಅಂತ ಗೊತ್ತಾಗುತ್ತೆ. ಇಲ್ಲದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೊಡಬೇಕಾ ಅಂತ ಅವರು ನಿರ್ಧರಿಸ್ತಾರೆ. ಅದನ್ನು ಸೋಂಕು ತಗುಲಿದ 10 ದಿನದೊಳಗೆ ಕೊಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ಬಸುರಿಯರಿಗೆ ಇದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ಇದೆ, ಅದಕ್ಕೇ ಇಷ್ಟು ಅವಸರ. ಬಸುರಿಗೆ ಈ ಲಸಿಕೆ ಮಾತ್ರ ಹಾಕುವಂತಿಲ್ಲ. ಫೋನ್ ಮಾಡದೆ ನೇರವಾಗಿ ಹೋಗಿ ಬಸುರಿಯರ ಸಾಲಿನಲ್ಲಿ ಕೂರಬೇಡಿ.

ತವರಿಗೆ ಕಳಿಸಿಬಿಡೋಣ ಅಂತ ಮನೆಯವರು ಹೇಳಬಹುದು. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಹರಡೋಕೆ ಶುರುವಾಗಿರುತ್ತೆ, ಹಾಗಾಗಿ ಅವರಿಗೆ ಈಗಾಗಲೇ ತಗುಲಿರಬಹುದು. ತವರಲ್ಲಿ ಇನ್ನೊಂದು ಕೂಸೋ ಬಸುರಿಯೋ ಇದ್ದರೆ ಅಲ್ಲಿಗೂ ಒಯ್ದ ಹಾಗಾಗುತ್ತೆ. ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

ಒಂಬತ್ತು ತಿಂಗಳ ಕೂಸನ್ನು ಬೇರೆ ರೂಮಿನಲ್ಲಿ ಮಲಗಿಸಿ, ಮಕ್ಕಳ ಡಾಕ್ಟರಿಗೆ ಈಗಲೇ ತಿಳಿಸಿ. ಎದೆಹಾಲು ನಿಲ್ಲಿಸಬೇಡಿ. ಮಗನನ್ನು ನೋಡಿಕೊಳ್ಳೋರು ಹಿಂದೆ ಅಮ್ಮ ಆಗಿದ್ದವರೇ ಆಗಿರಲಿ. ಗಾಳಿಯಲ್ಲೂ ಹರಡೋದರಿಂದ ಕಿಟಕಿ ತೆರೆದಿಡಿ. ಟವೆಲ್, ಹೊದಿಕೆ ಬೇರೆ ಇಡಿ, ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿ.

ಔಷಧಿ ಅಂಗಡಿ ನಡೆಸುವವರು, ಮಧುಗಿರಿ
ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಲೆಕ್ಕ, ಅಂದರೆ 16 ಕೆ.ಜಿ.ಗೆ ಒಂದು ಸಲಕ್ಕೆ 160ರಿಂದ 240 ಮಿ.ಗ್ರಾಂ. ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಎಡವಟ್ಟಾಗೋದು ಬಾಟಲಿಯಲ್ಲಿ. ಕೆಲವು ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ., ಕೆಲವದರಲ್ಲಿ 250. ಮೊದಲನೆಯದರಲ್ಲಿ 7.5 ಮಿ.ಲೀ. ಕೊಟ್ಟರೆ 180 ಮಿ.ಗ್ರಾಂ. ಸರಿಯಾಗಿರುತ್ತೆ, ಎರಡನೆಯದರಲ್ಲಿ ಅಷ್ಟೇ ಕೊಟ್ಟರೆ 375 ಆಗಿಬಿಡುತ್ತೆ. ಲೇಬಲ್ ಓದಿ, ಅಳತೆ ಮುಚ್ಚಳದಲ್ಲೇ ಕೊಡಿ, ಅಡುಗೆಮನೆ ಚಮಚದಲ್ಲಿ ಬೇಡ.

ಆಸ್ಪಿರಿನ್ ಕೊಡಲೇಬಾರದು, ಲಿವರ್ ಮತ್ತು ಮೆದುಳಿಗೆ ಹಾನಿ ಮಾಡುವ ರೇಸ್ ಸಿಂಡ್ರೋಮ್ ಬರಬಹುದು. ಐಬುಪ್ರೊಫೆನ್ ಕೂಡ ಬೇಡ, ಗುಳ್ಳೆಗಳ ಸೋಂಕು ಆಳಕ್ಕೆ ಇಳಿಯುವ ಭಯ ಇರುತ್ತೆ. ಕೆಲವು ಜ್ವರದ ಸಿರಪ್ಪುಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಅದೂ ಬೆರೆತಿರುತ್ತೆ, ನೋಡಿ ತಗೊಳ್ಳಿ.

ಇನ್ನೊಂದು, ಕೈಮುಗಿದು ಕೇಳ್ಕೋತೀನಿ: ತುರಿಕೆಗೆ ಅಂತ ಸ್ಟೆರಾಯ್ಡ್ ಬೆರೆಸಿದ ಟ್ಯೂಬ್ ಹಚ್ಚಬೇಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಟ್ಯೂಬಿನ ಮೇಲೆ ಬರೆದಿರುತ್ತೆ. ವೈರಸ್ ತಡೆಯುವ ಶಕ್ತಿಯನ್ನೇ ಅದು ಕುಗ್ಗಿಸುತ್ತೆ. ಜ್ವರ ಬೇಗ ಇಳಿಯಲಿ ಅಂತ ಯಾವ ಇಂಜೆಕ್ಷನ್ ಅಂತ ಗೊತ್ತಿಲ್ಲದೆ ಚುಚ್ಚಿಸೋದೂ ಅಷ್ಟೇ ಅಪಾಯ. ತುರಿಕೆಗೆ ಕ್ಯಾಲಮೈನ್ ಲೋಷನ್ ತಗೊಳ್ಳಿ. ಚೆನ್ನಾಗಿ ಕುಲುಕಿ, ಹತ್ತಿಯಿಂದ ಗುಳ್ಳೆ ಮೇಲೆ ಒತ್ತಿ ಹಚ್ಚಿ, ಉಜ್ಜಬೇಡಿ. ಕಣ್ಣು, ಬಾಯಿ ಹತ್ತಿರ ಬೇಡ. ರಾತ್ರಿ ನಿದ್ದೆಯೇ ಇಲ್ಲ ಅಂದರೆ ತುರಿಕೆಯ ಸಿರಪ್ಪಿಗೆ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ.

ಇಬ್ಬರು ಮಕ್ಕಳ ತಾಯಿ, ಚಿಂತಾಮಣಿ
ಅಕ್ಕ, ಸ್ನಾನ ಮಾಡಿಸಬಹುದು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಸಾಕು, ಉಜ್ಜೋ ಹಾಗಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಸೋಪು ಜಾಸ್ತಿ ಹಾಕಿದರೆ ಮೈ ಒಣಗಿ ತುರಿಕೆ ಹೆಚ್ಚುತ್ತೆ. ಮೆತ್ತಗಿನ ಹಳೇ ಪಂಚೆಯಿಂದ ಒತ್ತಿ ಒರೆಸಿ, ಗುಳ್ಳೆ ಒಡೆಯದ ಹಾಗೆ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರು ಹಾಕಿದರೆ ಅತ್ತೆಗೂ ಸಮಾಧಾನ. ಎಳೇ ಬೇವಿನ ಎಲೆಯಿಂದ ಮೈ ಸವರೋದು ಒಳ್ಳೇದೇ, ಉಗುರಿಗೆ ಕೆಲಸ ತಪ್ಪುತ್ತೆ. ಆದರೆ ಬೇವು ಅರಿಸಿನ ಅರೆದು ಒಡೆದ ಗುಳ್ಳೆಗೆ ಮೆತ್ತಬೇಡಿ. ಒರಳಿನ ಕೊಳೆ ಗಾಯಕ್ಕೆ ಹೋಗುತ್ತೆ, ಹಳದಿ ಬಣ್ಣದಲ್ಲಿ ಕೆಂಪಾಗಿರೋದೂ ಕಾಣಲ್ಲ.

ಕಲೆ ಉಳಿಯೋದು ಕೆರೆದು ಕೀವಾದ ಕಡೆ. ಉಗುರು ತೀರಾ ಮೊಂಡಾಗಿ ಕತ್ತರಿಸಿ, ತುದಿ ಉಜ್ಜಿ ನಯ ಮಾಡಿ, ಮಲಗುವಾಗ ಕೈಗೆ ಹತ್ತಿ ಕಾಲುಚೀಲ ತೊಡಿಸಿ. ಸಡಿಲ ಹತ್ತಿ ಬಟ್ಟೆ ಹಾಕಿ, ಸೆಕೆ ಆದಷ್ಟೂ ತುರಿಕೆ. ಹಕ್ಕಳೆ ತಾನಾಗೇ ಉದುರಲಿ, ಕೀಳಬಾರದು.

ಒಗ್ಗರಣೆ ವಿಷಯಕ್ಕೆ ಅತ್ತೆ ಹತ್ತಿರ ಜಗಳ ಬೇಡ. ಬಾಯೊಳಗೂ ಗುಳ್ಳೆ ಇದ್ದರೆ ಖಾರ, ಹುಳಿ, ಉಪ್ಪು ಹೇಗೂ ಉರಿಯುತ್ತೆ. ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಹುಳಿಯಿಲ್ಲದ ಮೊಸರನ್ನ, ಎಳನೀರು, ಬೇಳೆಕಟ್ಟು ಕೊಡಿ. ಹತ್ತು ದಿನ ಬರೀ ಗಂಜಿಯಲ್ಲಿ ಇಡೋದು ಮಾತ್ರ ತಪ್ಪು. ತಿನ್ನೋ ಮನೆಯಾದರೆ ಮೊಟ್ಟೆಯೂ ಆಗುತ್ತೆ. ಆರೆಂಟು ಗಂಟೆ ಉಚ್ಚೆ ಹೋಗಿಲ್ಲ ಅಂದರೆ ನೀರು ಸಾಲ್ತಿಲ್ಲ ಅಂತ ಅರ್ಥ.

ಕೇಳಿದವರು
ಓರಗಿತ್ತಿಗೆ ಆಗಿಲ್ವಂತೆ, ಡಾಕ್ಟರಿಗೆ ಫೋನ್ ಮಾಡಿದ್ವಿ, ನಾಳೆ ರಕ್ತ ಕೊಡಬೇಕು. ಯಾವಾಗ ಹೆದರಬೇಕು? ಇವತ್ತು ಹೊಸ ಗುಳ್ಳೆ ಇನ್ನೂ ಏಳ್ತಿದೆ.

ಸ್ಟಾಫ್ ನರ್ಸ್, ಕೋಲಾರ
ಹೊಸದು ಏಳೋದು ಸಹಜ, ಮೂರು ನಾಲ್ಕು ದಿನ ತಂಡತಂಡವಾಗಿ ಬರುತ್ತೆ. ಒಂದೇ ಕಡೆ ಕೆಂಪು ಚುಕ್ಕೆ, ನೀರು ಗುಳ್ಳೆ, ಹಕ್ಕಳೆ ಮೂರೂ ಕಾಣೋದೇ ಇದರ ಗುರುತು. ಉಸಿರು ಜೋರಾಗೋದು, ಎಬ್ಬಿಸಿದರೂ ಮಂಪರು, ಮೇಲಿಂದ ಮೇಲೆ ವಾಂತಿ, ನಡೆಯುವಾಗ ತೂರಾಡೋದು, ಕಣ್ಣಲ್ಲಿ ಗುಳ್ಳೆ, ಗುಳ್ಳೆಯಲ್ಲಿ ರಕ್ತ, ಸುತ್ತ ಚರ್ಮ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳೋದು, ಬಿಟ್ಟ ಜ್ವರ ಮತ್ತೆ ಬರೋದು, ಇದರಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೆ 108.

ಕ್ಯಾಲೆಂಡರಿನಲ್ಲಿ ಮಗನಿಗೆ ಗುಳ್ಳೆ ಎದ್ದ ದಿನದಿಂದ 10 ಮತ್ತು 21ನೇ ದಿನ ಗುರುತು ಹಾಕಿ. ಮನೆಯ ಎರಡನೇ ಸರದಿ ಸಾಮಾನ್ಯವಾಗಿ ಆ ನಡುವೆ ಬರುತ್ತೆ, ಮೊದಲಿನದಕ್ಕಿಂತ ಜೋರಾಗಿಯೂ ಇರಬಹುದು. ಕೂಸಿಗಾಗಲಿ ದೊಡ್ಡವರಿಗಾಗಲಿ ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ ತೋರಿಸಿ. ವೈರಸ್ ತಡೆಯುವ ಔಷಧಿ ಎಸೈಕ್ಲೋವಿರ್ ಬೇಕು ಅಂದರೆ ಆಗ ಶುರು ಮಾಡಿದರೇ ಹೆಚ್ಚು ಉಪಯೋಗ.

ಅಂಗನವಾಡಿ ಕಾರ್ಯಕರ್ತೆ, ಗೌರಿಬಿದನೂರು
ತಲೆಗೆ ನೀರು ಹಾಕಿದ ಮಾರನೇ ದಿನವೇ ಮಕ್ಕಳನ್ನು ಶಾಲೆಗೆ ಕಳಿಸೋರಿದ್ದಾರೆ. ನೀರು ಹಾಕೋ ದಿನದ ಲೆಕ್ಕ ಇದಕ್ಕೆ ಬರಲ್ಲ, ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿರಬೇಕು. ಸಾಮಾನ್ಯವಾಗಿ ಐದರಿಂದ ಏಳು ದಿನ. ತಲೆಗೂದಲೊಳಗೆ, ಚಡ್ಡಿ ಒಳಗೆ ನೋಡೋದು ಮರೀಬೇಡಿ, ಹಸಿ ಗುಳ್ಳೆ ಅಲ್ಲೇ ಉಳಿದಿರುತ್ತೆ. ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿ ಒಪ್ಪಿಸೋದೂ ಆಮೇಲೆ, ಅಲ್ಲಿ ಬೇರೆ ಕೂಸುಗಳೂ ಬಂದಿರ್ತಾವೆ.

ಈ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. 15 ತಿಂಗಳಿಗೆ ಒಂದು, ಮೂರು ತಿಂಗಳು ಬಿಟ್ಟು ಇನ್ನೊಂದು. ಒಂದು ವರ್ಷ ದಾಟಿದ, ಇನ್ನೂ ಅಮ್ಮ ಆಗದ ಮಕ್ಕಳು ನಿಮ್ಮ ಮಗನ ಜೊತೆ ಆಡಿದ್ದರೆ ಮೂರರಿಂದ ಐದು ದಿನದೊಳಗೆ ಹಾಕಿಸಿದರೂ ತಡೆಯಬಹುದು. ಅಕ್ಕಪಕ್ಕದವರಿಗೆ ಮುಚ್ಚಿಡದೆ ಇವತ್ತೇ ಹೇಳಿಬಿಡಿ.