ಅಪ್‌ಡೇಟ್: ಮಗಳ ಜೊತೆ ಮನೆ ಸೇರಿದೆವು

ಕರ್ನಾಟಕದ ಶಿಶುಗೃಹದಿಂದ ದತ್ತು ಪಡೆದ ಮೂರು ವರ್ಷದ ಮಗಳನ್ನು ಶಿಕಾಗೋವರೆಗೆ ಹೇಗೆ ಕರೆತರುವುದು, ಅವಳಿಗೆ ನಾವು ಹತ್ತು ದಿನದ ಪರಿಚಯ ಅಷ್ಟೇ ಅಂತ ಹೋದ ತಿಂಗಳು ಕೇಳಿದ್ದೆ. ಕ್ಷೇಮವಾಗಿ ಬಂದು ಮುಟ್ಟಿದ್ದೇವೆ.

ನಿಮ್ಮಲ್ಲೊಬ್ಬರು ಹೇಳಿದಂತೆ, ಅವಳು ಹೊದೆಯುತ್ತಿದ್ದ ಹಳೇ ದುಪ್ಪಟಿಯನ್ನು ಆಯಾ ಹತ್ತಿರ ಕೇಳಿ ತೆಗೆದುಕೊಂಡೆವು. ಒಗೆಯಲಿಲ್ಲ. ಆ ವಾಸನೆಯೇ ಅವಳಿಗೆ ಮನೆ, ಅಲ್ವಾ? ವಿಮಾನದಲ್ಲಿ ದೀಪ ಆರಿಸಿದಾಗ ಜೋರಾಗಿ ಅತ್ತಳು. ನನ್ನನ್ನು ಮುಟ್ಟಲೂ ಬಿಡಲಿಲ್ಲ. ಫೋನ್‌ನಲ್ಲಿ ಆಯಾ ಹಾಡಿಕೊಟ್ಟಿದ್ದ ಜೋಗುಳ ಹಾಕಿದೆ. ದುಪ್ಪಟಿಗೆ ಮುಖ ಒತ್ತಿಕೊಂಡು, ನನ್ನ ಒಂದು ಬೆರಳು ಹಿಡಿದು ಮಲಗಿದಳು. ನಾಲ್ಕು ಗಂಟೆ ನಾನು ಕೈ ಅಲ್ಲಾಡಿಸಲಿಲ್ಲ.

ಕಾಗದಪತ್ರ ಕೇಳಿದವರಿಗೆ: ಜಿಲ್ಲಾಧಿಕಾರಿಯ ದತ್ತು ಆದೇಶ, ದೇಶದಿಂದ ದೇಶಕ್ಕೆ ದತ್ತು ಕೊಡುವ ಬಗೆಗಿನ ಹೇಗ್ ಒಪ್ಪಂದದಂತೆ ಕಾರಾ (ಭಾರತದ ಕೇಂದ್ರ ದತ್ತು ಪ್ರಾಧಿಕಾರ) ಕೊಡುವ ಪ್ರಮಾಣಪತ್ರ, ಮಗಳ ಭಾರತೀಯ ಪಾಸ್‌ಪೋರ್ಟ್, ಕೊನೆಗೆ ದೆಹಲಿಯಲ್ಲಿ ಐಎಚ್-3 ವೀಸಾ, ಅಂದರೆ ಹೀಗೆ ದತ್ತು ಪಡೆದ ಮಕ್ಕಳಿಗೆ ಅಮೆರಿಕ ಕೊಡುವ ವೀಸಾ. ಎಲ್ಲವೂ ಕೈಚೀಲದಲ್ಲೇ ಇರಲಿ. ದೆಹಲಿಗೆ ನಾಲ್ಕು ದಿನ ಜಾಸ್ತಿ ಇಟ್ಟುಕೊಳ್ಳಿ. ನಾವಿಬ್ಬರೂ ಅಮೆರಿಕದ ಪ್ರಜೆಗಳು. ಹಾಗಾಗಿ 2000ದ ಮಕ್ಕಳ ಪೌರತ್ವ ಕಾಯ್ದೆಯಂತೆ, ಇಲ್ಲಿ ಇಮಿಗ್ರೇಶನ್ ದಾಟಿದ ಕೂಡಲೇ ಅವಳೂ ಇಲ್ಲಿಯ ಪ್ರಜೆಯಾದಳು. ನನಗೆ ಖುಷಿಯಾಯಿತು, ಸ್ವಲ್ಪ ಸಂಕಟವೂ ಆಯಿತು.

ಈಗ ರಾತ್ರಿ ಮೂರಕ್ಕೆ ಎದ್ದು "ಅನ್ನ" ಅನ್ನುತ್ತಾಳೆ. ಮೊಸರನ್ನ ಕಲಸಿ ತಿನ್ನಿಸುತ್ತೇನೆ. ನಿನ್ನೆ ಮೊದಲ ಸಲ ಒಂದು ತುತ್ತನ್ನು ತಾನೇ ನನ್ನ ಬಾಯಿಗಿಟ್ಟಳು.